ಪುಕ್ಕಟೆ ಫೋಟೋದ ಲಿಲಾವು

ಸಾಂಗ್ಲಿ ಪ್ಯಾಟ್ಯಾಗ ಅರಿಷಿಣದ ಲಿಲಾವು ಆಗುವಾಗ ಮಾಲು ಎದುರಿಗೇ ಇರತೈತಿ, ರೇಟು ರೈತನ ಕಿವಿಗೆ ಬೀಳತೈತಿ. ಫೇಸ್‌ಬುಕ್ಕಿನಾಗೂ ಲಿಲಾವು ಐತಿ. ಅಲ್ಲಿ ಜಾಹೀರಾತಿನವರು ಕೂಗುವುದು ನಮ್ಮ ಕಣ್ಣೋಟಕ್ಕೆ. ನಾವು ಹಾಕಿದ್ದು, ಬರೆದ ಊರು, ಒತ್ತಿದ ಲೈಕು ಹಿಡಿದು ಯಾರಿಗೆ ಬಂಗಾರ, ಯಾರಿಗೆ ಸಾಲ ತೋರಿಸಬೇಕಂತ ಯಂತ್ರ ಲೆಕ್ಕ ಹಾಕತೈತಿ.

2011ರಾಗ ಫೇಸ್‌ಬುಕ್ ಲೈಕು ಒತ್ತಿದವರ ಹೆಸರು, ಫೋಟೋಗಳನ್ನೇ ಜಾಹೀರಾತಿಗೆ ಹಚ್ಚಿತು. ಅಮೆರಿಕದಾಗ ಖಟ್ಲೆ ನಡೆದು, 2013ರಾಗ 2 ಕೋಟಿ ಡಾಲರಿಗೆ ರಾಜಿ ಆಯಿತು.

ಫೋಟೋ ಹಾಕುವುದು ತಪ್ಪಲ್ಲ. ಪುಕ್ಕಟೆ ಅನ್ನುವ ಮಾತು ಸುಳ್ಳು. ಜಾತ್ರ್ಯಾಗ ಹಾಡಿದರ ಕೇಳುವವರ ಮುಖ ಕಾಣತಾವ. ಇಲ್ಲಿ ಕೊಳ್ಳುವವನ ಮುಖ ಕಾಣೂದಿಲ್ಲ. ಸಾಲಿ ಗುರುಗಳು ಮಕ್ಕಳಿಗೆ ಇಷ್ಟು ತಿಳಿಸಿ ಹೇಳ್ರಿ: ಗೆಳೆಯರಿಗಷ್ಟೇ ಅಂತ ಕೀಲಿ ಹಾಕಿದರೂ ಕಂಪನಿಗೆ ಬಾಗಿಲು ತೆರದೇ ಇರತೈತಿ.