ಹಿರಣ್ಯಕಶಿಪು ಕರೆತಂದ ಸಾವು

ಯಲವಿಗಿ, ಸವಣೂರು ಸೀಮೆಯಲ್ಲಿ ದೊಡ್ಡಾಟ ನೋಡಿ ಬೆಳೆದವರಿಗೆ ರಕ್ಕಸನ ಸಾವು ಹೊಸದಲ್ಲ. ಕಿರೀಟ, ಭುಜಕೀರ್ತಿ ಕಟ್ಟಿ ರಂಗ ನಡುಗಿಸಿದವನು ಬೆಳಗಾಗುವುದರೊಳಗೆ ಬೀಳಲೇಬೇಕು. ಆದರೂ 1983ರ ‘ಭಕ್ತ ಪ್ರಹ್ಲಾದ’ ಸಿನಿಮಾದಲ್ಲಿ ಡಾ. ರಾಜಕುಮಾರ್ ಅವರ ಹಿರಣ್ಯಕಶಿಪು ಸಾಯುವಾಗ, ದುಷ್ಟ ಅಳಿದನೆಂಬ ಸಮಾಧಾನದ ಜೊತೆಗೇ ಕರುಳು ಹಿಂಡಿದಂತಾಗುತ್ತದೆ.

ಆ ಸಂಕಟದ ಬೇರು ಕಥೆಯ ಮೊದಲಲ್ಲೇ ಇದೆ. ಒಡಹುಟ್ಟಿದ ಹಿರಣ್ಯಾಕ್ಷನನ್ನು ಕೊಂದದ್ದು ವರಾಹರೂಪಿ ವಿಷ್ಣು. ಆ ದುಃಖ ಹಗೆಯಾಯಿತು, ಹಗೆ ತಪಸ್ಸಾಯಿತು, ತಪಸ್ಸಿಗೆ ಬ್ರಹ್ಮ ಒಲಿದು ವರ ಕೊಟ್ಟ. ಮನುಷ್ಯನಿಂದಲೂ ಮೃಗದಿಂದಲೂ ಸಾವಿಲ್ಲ, ಹಗಲೂ ಇಲ್ಲ, ಇರುಳೂ ಇಲ್ಲ, ಒಳಗಿಲ್ಲ, ಹೊರಗಿಲ್ಲ, ನೆಲದ ಮೇಲಿಲ್ಲ, ಮುಗಿಲಲ್ಲಿಲ್ಲ, ಆಯುಧದಿಂದಲೂ ಇಲ್ಲ. ಸಾವಿನ ದಾರಿಗಳನ್ನೆಲ್ಲ ಮುಚ್ಚಿದೆನೆಂದು ನಂಬಿದವನು, ತನ್ನನ್ನು ಕೊಲ್ಲಬೇಕಾದ ನರಸಿಂಹನ ಚಹರೆಯನ್ನು ಗೆರೆಗೆರೆಯಾಗಿ ತಾನೇ ಬರೆದುಕೊಟ್ಟಿದ್ದ. ಮುಸ್ಸಂಜೆ, ಹೊಸ್ತಿಲು, ತೊಡೆ, ಉಗುರು, ಸಿಂಹದ ಮೋರೆ: ಎಲ್ಲವೂ ಅವನ ಮಾತಿನಿಂದಲೇ ಹುಟ್ಟಿದವು.

ಸ್ಪೀಲ್‌ಬರ್ಗ್ ಅವರ ‘ಜಾಸ್’ (1975) ಚಿತ್ರದ ಕ್ವಿಂಟ್ ಕೂಡ ಇದೇ ಕುಲದವನು. 1945ರಲ್ಲಿ ‘ಇಂಡಿಯಾನಾಪೊಲಿಸ್’ ಯುದ್ಧನೌಕೆ ಮುಳುಗಿದಾಗ ಜೊತೆಗಾರರು ಶಾರ್ಕ್‌ಗಳಿಗೆ ತುತ್ತಾದುದನ್ನು ಕಂಡು ಬದುಕುಳಿದವನ ಪಾತ್ರ ಅದು. ಬೇಟೆಯೇ ಅವನ ಬಾಳಾಯಿತು. ಕೊನೆಗೆ ಶಾರ್ಕ್ ಅವನ ದೋಣಿಯನ್ನೇ ಏರಿ ಬಂತು. ಇಂಥವರ ಸಾವು ಹೊರಗಿನಿಂದ ಎರಗಿದ ಅಪಘಾತದಂತೆ ಕಾಣುವುದಿಲ್ಲ. ಜೀವಮಾನವಿಡೀ ಯಾರನ್ನು ನೆನೆದರೋ ಅವನೇ ಎದುರಿಗೆ ಬಂದು ನಿಲ್ಲುತ್ತಾನೆ. ನಮ್ಮ ಹಿರಿಯರು ಇಂಥ ನೆನಹನ್ನೇ ವೈರಭಕ್ತಿ ಎಂದರು.

ರಾಜಕುಮಾರ್ ಈ ವೈರಕ್ಕೆ ಅಪ್ಪನ ಮುಖ ಕೊಟ್ಟರು. ಹಿರಣ್ಯಕಶಿಪುವಿನ ಮಗ, ವಿಷ್ಣುಭಕ್ತ ಪ್ರಹ್ಲಾದನಾಗಿ ಎದುರಿಗೆ ನಿಂತವನು ಅವರದೇ ಮಗ, ಬಾಲಕ ಪುನೀತ್. ಆ ಗುಡುಗಿನ ದನಿಯೊಳಗೆ ಸೋತ ತಂದೆಯ ಅಳಲು ಕೇಳುತ್ತದೆ. ಹರಿ ಇದರಲ್ಲಿದ್ದಾನೆಯೇ ಎಂದು ಕಂಬಕ್ಕೆ ಹಾಕುವ ಗದೆಯ ಪೆಟ್ಟಿನಲ್ಲಿ ಸಿಟ್ಟಿನಷ್ಟೇ, ಮಗನ ಮನಸ್ಸು ಕದ್ದವನನ್ನು ಒಮ್ಮೆ ಕಣ್ಣಾರೆ ನೋಡಿಬಿಡುವ ಹಟವೂ ಇದೆ. ಕಂಬ ಒಡೆದು ನರಸಿಂಹ ಬಂದದ್ದು ಆ ಹಟಕ್ಕೆ ಸಿಕ್ಕ ಉತ್ತರ.

ಹಿರಣ್ಯಕಶಿಪು ಸಾಯದೆ ಶರಣಾಗಿದ್ದರೆ ಪ್ರಹ್ಲಾದನ ಭಕ್ತಿಗೆ ಬೆಲೆಯೇ ಇರುತ್ತಿರಲಿಲ್ಲ. ಗೆದ್ದ ಮಗ ಕಳೆದುಕೊಂಡದ್ದು ಹೆತ್ತ ತಂದೆಯನ್ನು. ಭಾಗವತದಲ್ಲಿ ನರಸಿಂಹನು ವರ ಕೇಳು ಎಂದಾಗ ಪ್ರಹ್ಲಾದ ಬೇಡಿದ್ದು ಆ ತಂದೆಯ ಪಾಪವಿಮೋಚನೆಯನ್ನು. ಅಪ್ಪ ವರ ಬೇಡಿದ್ದು ತಾನು ಸಾಯಬಾರದೆಂದು. ಮಗ ಬೇಡಿದ್ದು ಸತ್ತ ಅಪ್ಪನಿಗಾಗಿ. ಪ್ರಹ್ಲಾದ ದೊಡ್ಡವನಾಗುವುದು ಈ ಎರಡನೆಯ ವರದಿಂದ, ಅದಕ್ಕೆ ಎಡೆಮಾಡಿದ್ದು ಹಿರಣ್ಯಕಶಿಪುವಿನ ಸಾವು.