ಯಾವ ವರ್ಷನ್ ಸ್ವಾಮಿ?

'ಉಪಗ್ರಹದ ದಾಖಲೆ ಪ್ರಕಾರ ಭೂಮಿ ಅಷ್ಟೇನೂ ಬಿಸಿಯಾಗಿಲ್ಲ' ಅಂತ ಗ್ರಾಫ್ ಹಿಡಿದು ಬರೋರಿಗೆ ನನ್ನದೊಂದೇ ಪ್ರಶ್ನೆ: ಯಾವ ವರ್ಷನ್?

ಉಪಗ್ರಹದಲ್ಲಿ ಥರ್ಮಾಮೀಟರ್ ಇಲ್ಲ ಕಣ್ರೀ. 1978ರ ಕೊನೆಯಿಂದ ಅವು ಅಳೆಯುತ್ತಿರೋದು ಗಾಳಿಯ ಆಮ್ಲಜನಕ ಹೊಮ್ಮಿಸುವ ಮೈಕ್ರೋವೇವ್. ಅದರಿಂದ ಹಲವು ಕಿಲೋಮೀಟರ್ ದಪ್ಪದ ಗಾಳಿಪದರದ ಸರಾಸರಿ ಉಷ್ಣತೆಯನ್ನು ಲೆಕ್ಕ ಹಾಕಿ ತೆಗೀಬೇಕು. ಹೊಲದಲ್ಲಿ ನಿಂತವನ ನೆತ್ತಿ ಸುಡೋದು ಅದರಲ್ಲಿ ನೇರವಾಗಿ ಕಾಣಲ್ಲ.

ಅಲಬಾಮಾದ ಕ್ರಿಸ್ಟಿ ಮತ್ತು ಸ್ಪೆನ್ಸರ್ ಈ ಲೆಕ್ಕಕ್ಕೆ ಕೈಹಾಕಿದ್ದು ದೊಡ್ಡ ಕೆಲಸವೇ. ಆದರೆ ಉಪಗ್ರಹ ನಿಧಾನಕ್ಕೆ ಕೆಳಗಿಳಿಯುತ್ತೆ ಅಂತ 1998ರಲ್ಲಿ, ಹಗಲು-ರಾತ್ರಿಯ ತಿದ್ದುಪಡಿಯಲ್ಲಿ ಪ್ಲಸ್ಸು-ಮೈನಸ್ಸೇ ಅದಲು ಬದಲಾಗಿದೆ ಅಂತ 2005ರಲ್ಲಿ ತೋರಿಸಿದವರು ಹೊರಗಿನವರು. (ನಮ್ಮ ಭಾಷೇಲಿ, ಕೋಡ್ ರಿವ್ಯೂ.) ಎರಡು ದೋಷಗಳೂ ಏರಿಕೆಯನ್ನು ಕಮ್ಮಿ ಮಾಡಿ ತೋರಿಸ್ತಿದ್ದವು. ಈಗಲೂ ಹೆಚ್ಚುಕಮ್ಮಿ ಅದೇ ಕಚ್ಚಾ ಡೇಟಾದಿಂದ ಅಲಬಾಮಾ ದಶಕಕ್ಕೆ ಸುಮಾರು 0.15 ಡಿಗ್ರಿ ಅಂದ್ರೆ, ರಿಮೋಟ್ ಸೆನ್ಸಿಂಗ್ ಸಿಸ್ಟಮ್ಸ್ 0.2ರ ಮೇಲೆ ಅನ್ನುತ್ತೆ.

ಅಲಬಾಮಾದ ಪ್ರಾದೇಶಿಕ ಕೋಷ್ಟಕ ಇನ್ನೂ ಮಜಾ. ಉತ್ತರ ಧ್ರುವ ಜೋರಾಗಿ ಏರಿದೆ. ದಕ್ಷಿಣ ಧ್ರುವ ಹೆಚ್ಚೇನೂ ಅಲ್ಲಾಡಿಲ್ಲ. ಆದರೆ ಅಂಟಾರ್ಕ್ಟಿಕಾದ ಎತ್ತರದ ಹಿಮನೆಲದ ಸಂಕೇತ ಗಾಳಿಯದರ ಜೊತೆ ಬೆರೆಯುತ್ತೆ. ಅಲಬಾಮಾ ಅಂಕಿ ತುಂಬಿಸಿದ ಈ ಜಾಗವನ್ನ ಇನ್ನೊಂದು ತಂಡ ಖಾಲಿ ಬಿಟ್ಟಿದೆ. 'ಅಂಟಾರ್ಕ್ಟಿಕಾ ತಣ್ಣಗೇ ಇದೆ' ಅನ್ನೋರು ಆ ಖಾಲಿ ಜಾಗಾನೂ ಒಮ್ಮೆ ನೋಡಲಿ.