ಹಗ್ಗದ ಇನ್ನೊಂದು ತುದಿ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯ ಮನಸ್ಸು ಒಲಿಸಲೆಂದು ಅವರಿಗೆ ಒಂದು ಇಂಗ್ಲಿಷ್ ಚಿತ್ರ ತೋರಿಸಿದಳು. ಚಿತ್ರ ಮುಗಿಯುವ ಹೊತ್ತಿಗೆ ಆ ತಾಯಿ ಕೊಟ್ಟಿದ್ದ ಅರೆಮನಸ್ಸಿನ ಒಪ್ಪಿಗೆಯನ್ನೂ ವಾಪಸು ತೆಗೆದುಕೊಂಡುಬಿಟ್ಟರು. ಆ ಚಿತ್ರದ ಬಗ್ಗೆ ನಾಲ್ಕು ಮಾತು ಬರೆಯಬೇಕೆನ್ನಿಸಿದ್ದು ಆಗ. ವಿಮರ್ಶೆ ನನ್ನ ಕಸುಬಲ್ಲ. ಆದರೆ ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದವಳಿಗೆ, ಎಲ್ಲಿ ಬರೆದದ್ದು ಸರಿಯಾಗಿದೆ, ಎಲ್ಲಿ ಮುಖ್ಯವಾದ ಪ್ರಶ್ನೆಯನ್ನೇ ಬಿಟ್ಟು ಮುಂದೆ ಹೋಗಿದ್ದಾರೆ ಎಂಬುದು ಕಣ್ಣಿಗೆ ಬೀಳುತ್ತದೆ.

ಹುಡುಗಿ ಅರಕಲಗೂಡಿನವಳು. ಹತ್ತನೇ ತರಗತಿಯವರೆಗೆ ನನ್ನ ಕೈಕೆಳಗೆ ಓದಿದವಳು. ಆಟದ ಪೀರಿಯಡ್ಡಿನಲ್ಲಿ ಮರದ ನೆರಳು ಹುಡುಕಿ ಕೂರುತ್ತಿದ್ದಳು. ಈಗ ಬೆಂಗಳೂರಿನಲ್ಲಿ ನೌಕರಿ, ಭಾನುವಾರ ಬಂದರೆ ಬಂಡೆ. ಕಾಲುದಾರಿ ಹಿಡಿದು ಬೆಟ್ಟ ಸುತ್ತುವುದಲ್ಲ. ಗೋಡೆಯಂತೆ ನೆಟ್ಟಗೆ ನಿಂತ ಕಲ್ಲನ್ನು ಬೆರಳ ತುದಿ, ಕಾಲ ತುದಿ ಊರಿ ಹತ್ತುವುದು. ತುರಹಳ್ಳಿ, ಸಾವನದುರ್ಗ, ರಜ ಕೂಡಿ ಬಂದರೆ ಬಾದಾಮಿ. ಒಂದು ವರ್ಷ ಮನೆಯಲ್ಲಿ ಹೇಳಿರಲಿಲ್ಲ. ಗೌರಿಹಬ್ಬಕ್ಕೆ ಬಂದಾಗ ಬಾಗಿನ ಹಿಡಿದ ಕೈಯಲ್ಲಿ ಬೆರಳುಗಳ ಚರ್ಮ ಸುಲಿದದ್ದು ನೋಡಿ ತಾಯಿ ಕೇಳಿದರು, ಇವಳು ಸಿಕ್ಕಿಬಿದ್ದಳು. "ಹಾಸ್ಟೆಲ್ಲಲ್ಲಿ ಪಾತ್ರೆ ತಿಕ್ಕಿಸ್ತಾರೇನೋ ಅನ್ಕೊಂಡೆ ಮೇಡಂ, ಅದೇ ಆಗಿದ್ರೂ ವಾಸಿಯಿತ್ತು" ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡರು.

"ಮಿಸ್, ಅಮ್ಮ ನಿಮ್ಮ ಮಾತು ಕೇಳ್ತಾರೆ" ಎಂದು ಹುಡುಗಿ ನನ್ನನ್ನು ನಡುವೆ ಎಳೆದಳು. ಒಂದು ಶನಿವಾರ ಅವಳೂ ಅವಳ ಜೊತೆ ಹತ್ತುವ ಇಬ್ಬರು ಹುಡುಗಿಯರು, ಒಬ್ಬ ಹುಡುಗ ಹಾಸನದ ನಮ್ಮ ಮನೆಗೆ ಬಂದರು. ತಾಯಿಯನ್ನು ಅರಕಲಗೂಡಿನಿಂದ ನಾನೇ ಕರೆಸಿಕೊಂಡೆ.

ಸಾವಿನ ಬಾಯಿಂದ ಪಾರಾದ ಕಥೆಗಳನ್ನು ಕೇಳಬೇಕಾಗಬಹುದೆಂದು ನಾನು ಗಟ್ಟಿಮನಸ್ಸು ಮಾಡಿಕೊಂಡು ಕೂತಿದ್ದೆ. ಅಂಥದ್ದೊಂದೂ ಇಲ್ಲ. ಅಕ್ಕಿರೊಟ್ಟಿ ತಿಂದು ಜಗಲಿಯಲ್ಲಿ ಕೂತವರು ಮಾತಾಡಿದ್ದೆಲ್ಲ ಶೂ, ಉಗುರು, ಚರ್ಮಕ್ಕೆ ಹಚ್ಚುವ ಮುಲಾಮು. ಬಿಗಿಯಾದ ಶೂ ಒಳ್ಳೆಯದೋ ಸಡಿಲವೋ ಎಂದು ಅರ್ಧ ಗಂಟೆ. ಒಂದು ದಾರಿ ಎಷ್ಟು ಕಠಿಣ ಎನ್ನುವುದಕ್ಕೆ ಅವರಲ್ಲಿ ಫ್ರೆಂಚರ ಅಂಕಪದ್ಧತಿಯಿದೆ: ಆರು ಎ, ಆರು ಬಿ, ಆರು ಸಿ, ಆಮೇಲೆ ಏಳು ಎ. ಬಾದಾಮಿಯ ಯಾವುದೋ ದಾರಿಗೆ ಆರು ಬಿ ಸಾಕೆಂದು ಹುಡುಗ. "ನಿನ್ನ ಕೈ ಉದ್ದ, ನಿಂಗೆ ಆರು ಬಿ. ನನ್ನ ಎತ್ತರದೋರು ಹತ್ತಿದ್ರೆ ಅದೇ ಏಳು" ಎಂದು ಗಿಡ್ಡ ಹುಡುಗಿ. ಎಸ್‌.ಎಸ್‌.ಎಲ್‌.ಸಿ. ಮೌಲ್ಯಮಾಪನದಲ್ಲಿ ಅರ್ಧ ಅಂಕಕ್ಕೆ ನಾವು ಕಿತ್ತಾಡುವುದು ನೆನಪಾಗಿ ನಗು ಬಂತು. ಅಂಕ ಕೊಡುವವರು ಹೆಚ್ಚಾಗಿ ಉದ್ದ ಕೈಯವರೇ ಆಗಿದ್ದರೆ ಗಿಡ್ಡವರ ಕಷ್ಟ ಲೆಕ್ಕಕ್ಕೆ ಬರುವುದು ಹೇಗೆ ಎಂದು ಅವಳು ಕೇಳಿದ್ದು ಮಾತ್ರ ನಗುವ ಮಾತಾಗಿರಲಿಲ್ಲ.

ಬೆವರುವ ಕೈಗೆ ಅವರು ಬಿಳಿ ಪುಡಿ ಹಚ್ಚಿಕೊಳ್ಳುತ್ತಾರೆ. ಚಾಕ್ ಅಂತಲೇ ಹೆಸರು, ಆದರೆ ನಮ್ಮ ಸೀಮೆಸುಣ್ಣವಲ್ಲ, ಮೆಗ್ನೀಸಿಯಂ ಕಾರ್ಬೊನೇಟ್. ಅದರ ಗುರುತು ಬಂಡೆಯ ಮೇಲೆ ಉಳಿಯುತ್ತದೆ. ಇಳಿಯುವಾಗ ಬ್ರಷ್ಷಿನಿಂದ ಉಜ್ಜಿ ಬರದವನು ಅವರ ಪಾಲಿಗೆ ಅಸಭ್ಯ. ಇನ್ನು ಕಲ್ಲಿಗೆ ತೂತು ಕೊರೆದು ಬೋಲ್ಟ್ ಕೂರಿಸುವುದೋ ಬೇಡವೋ ಎನ್ನುವ ಜಗಳ ಎಲ್ಲಕ್ಕಿಂತ ದೊಡ್ಡದು. ಬೋಲ್ಟ್ ಇದ್ದರೆ ಅದಕ್ಕೆ ಕೊಕ್ಕೆ ಹಾಕಿ ಹಗ್ಗ ತೂರಿಸಬಹುದು, ಜಾರಿದರೆ ಹಗ್ಗ ಹಿಡಿಯುತ್ತದೆ. ಆದರೆ ಒಮ್ಮೆ ಕೊರೆದ ತೂತು ಮುಚ್ಚುವುದಿಲ್ಲ, ಬಾದಾಮಿಯದು ಗ್ರಾನೈಟಲ್ಲ, ಮರಳುಗಲ್ಲು. ಚಾಲುಕ್ಯರ ಗುಹೆಗಳಿರುವ ಬಂಡೆಯ ತಂಟೆಗೆ ಹೋಗಬಾರದು ಎನ್ನುವುದೊಂದರಲ್ಲಿ ನಾಲ್ವರಿಗೂ ಒಮ್ಮತವಿತ್ತು.

ರಾಮನಗರದ ಮಾತು ಬಂದಾಗ ದನಿ ಏರಿತು. 1975ರಲ್ಲಿ ತೆರೆಕಂಡ 'ಶೋಲೆ'ಯಿಂದ ಹೆಸರಾದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಹಾಗಾಗಿ ಅಲ್ಲಿ ಬಂಡೆ ಹತ್ತುವವರಿಗೆ ಅಡ್ಡಿ. ನಾವು ಗೂಡಿನ ಕಡೆ ಹೋಗುವುದಿಲ್ಲ, ನಮಗ್ಯಾಕೆ ತಡೆ ಎಂದು ಹುಡುಗ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯಿಂದ ದೇಶದ ರಣಹದ್ದುಗಳೆಲ್ಲ ಸತ್ತು, 2006ರಲ್ಲಿ ಸರ್ಕಾರ ಅದನ್ನು ನಿಲ್ಲಿಸುವ ಹೊತ್ತಿಗೆ ಉಳಿದದ್ದು ಅಷ್ಟಿಷ್ಟು. ಅವು ಬಂಡೆಯ ಕಟ್ಟೆಯ ಮೇಲೆ ವರ್ಷಕ್ಕೆ ಒಂದೇ ಮೊಟ್ಟೆ ಇಡುವುದು, ಹಕ್ಕಿ ಬೆದರಿ ಎದ್ದರೆ ಆ ವರ್ಷ ಮುಗಿಯಿತು ಎಂದು ನನ್ನ ವಿದ್ಯಾರ್ಥಿನಿ. ಅಲ್ಲಿಯವರೆಗೆ ಬತ್ತಿ ಹೊಸೆಯುತ್ತ ಕೂತಿದ್ದ ತಾಯಿ ತಲೆಯೆತ್ತಿ, "ಒಂದೇ ಮೊಟ್ಟೆನಾ?" ಎಂದರು. ಇವಳೊಬ್ಬಳೇ ಅವರಿಗೆ ಮಗಳು.

ಆ ಜಗಲಿಯ ಮಾತು ಅಲ್ಲಿಗೇ ನಿಂತಿದ್ದರೆ ಒಪ್ಪಿಗೆ ಸಿಕ್ಕಿಬಿಡುತ್ತಿತ್ತೇನೋ. ರಾತ್ರಿ ಲ್ಯಾಪ್‌ಟಾಪಿನಲ್ಲಿ 'ಫ್ರೀ ಸೋಲೋ' ಹಾಕಿದರು.

2018ರ ಸಾಕ್ಷ್ಯಚಿತ್ರ ಇದು. ಎಲಿಜಬೆತ್ ಚಾಯ್ ವಾಸರ್ಹೆಲಿ, ಜಿಮ್ಮಿ ಚಿನ್ ಎಂಬ ಗಂಡಹೆಂಡಿರ ನಿರ್ದೇಶನ, ಮರುವರ್ಷ ಆಸ್ಕರ್ ಪಡೆಯಿತು. ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಎಲ್ ಕ್ಯಾಪಿಟನ್ ಎಂಬ ಸುಮಾರು 3,000 ಅಡಿಯ ಗ್ರಾನೈಟ್ ಗೋಡೆಯಿದೆ. ಅಲೆಕ್ಸ್ ಹೊನಾಲ್ಡ್ ಎಂಬ ತರುಣ 2017ರ ಜೂನ್ 3ರಂದು ಹಗ್ಗವಿಲ್ಲದೆ, ಒಬ್ಬನೇ, ನಾಲ್ಕು ಗಂಟೆಯೊಳಗೆ ಅದನ್ನು ಹತ್ತಿ ಮುಗಿಸಿದ. ಕೊನೆಯ ಇಪ್ಪತ್ತು ನಿಮಿಷ ನಾನೂ ಉಸಿರು ಬಿಗಿಹಿಡಿದೆ. ಕೆಳಗಿನಿಂದ ಚಿತ್ರೀಕರಿಸುವವನೊಬ್ಬ ನೋಡಲಾರದೆ ಕ್ಯಾಮೆರಾಕ್ಕೆ ಬೆನ್ನು ತಿರುಗಿಸುತ್ತಾನೆ. ನಾವು ತೆಗೆಯುತ್ತಿದ್ದೇವೆಂಬ ಕಾರಣಕ್ಕೇ ಗೆಳೆಯ ಬಿದ್ದು ಸತ್ತರೆ ಹೇಗೆ ಎಂದು ತಂಡದವರು ತಮ್ಮತಮ್ಮಲ್ಲೇ ಕೇಳಿಕೊಂಡದ್ದನ್ನು ಮುಚ್ಚಿಡದೆ ತೋರಿಸಿದ್ದಾರೆ. ಇದು ಪ್ರಾಮಾಣಿಕತೆ, ಪೂರ್ತಿ ಅಂಕ ಕೊಡುತ್ತೇನೆ.

ಲ್ಯಾಪ್‌ಟಾಪ್ ಮುಚ್ಚಿದಾಗ ತಾಯಿ ಕೇಳಿದ್ದು ಒಂದೇ: "ಇವನನ್ನ ಹೆತ್ತೋಳು ಏನಂದ್ಲು?" ಆಮೇಲೆ ಎದ್ದು ನಿಂತು, "ನೀನಿನ್ನು ಹೋಗ್ಬೇಡ ಕಣೇ" ಎಂದು ಒಳಗೆ ಹೋದರು. ಮಗಳು ಎಷ್ಟು ಹೇಳಿದರೂ ಕೇಳಲಿಲ್ಲ. ತಾನು ಮಾಡುವುದು ಇದಲ್ಲ, ತಾನು ಹಗ್ಗ ಕಟ್ಟಿಕೊಳ್ಳುತ್ತೇನೆ, ಬಂಡೆ ಹತ್ತುವವರಲ್ಲಿ ಸಾವಿರಕ್ಕೊಬ್ಬರೂ ಹೀಗೆ ಮಾಡುವುದಿಲ್ಲ ಎಂದು ಅವಳು ಅತ್ತಳು. ಮಾಡುವುದು ಇದಲ್ಲದಿದ್ದರೆ ಇದನ್ನೇ ಯಾಕೆ ತೋರಿಸಿದೆ ಎಂದು ನಾನೂ ರೇಗಿದೆ. ತೋರಿಸಲು ಚೆನ್ನಾದದ್ದು ಬೇರೆ ಇರಲಿಲ್ಲವಂತೆ.

ನನ್ನ ತಕರಾರು ಇರುವುದೇ ಇಲ್ಲಿ. ಹೊನಾಲ್ಡ್ ಬರಿಗೈಯಲ್ಲಿ ಹತ್ತುವ ಮೊದಲು ಅದೇ ಗೋಡೆಯನ್ನು ಹಗ್ಗ ಕಟ್ಟಿಕೊಂಡು ಮತ್ತೆಮತ್ತೆ ಹತ್ತಿ ಅಭ್ಯಾಸ ಮಾಡಿದ್ದ. ಯಾವ ಕೈ ಎಲ್ಲಿ, ಯಾವ ಹೆಬ್ಬೆರಳು ಎಲ್ಲಿ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಬಾಯಿಪಾಠ ಮಾಡಿಕೊಂಡಿದ್ದ. 2016ರಲ್ಲಿ ಒಮ್ಮೆ ಹೊರಟು, ಮನಸ್ಸೊಪ್ಪದೆ ಅರ್ಧಕ್ಕೆ ಬಿಟ್ಟು ಇಳಿದ. ಇದೆಲ್ಲ ಚಿತ್ರದಲ್ಲಿದೆ, ಆದರೆ ಮುಖ್ಯ ಊಟಕ್ಕೆ ಮುಂಚಿನ ಕೋಸಂಬರಿಯಂತೆ. ಅವನ ಧೈರ್ಯದ ಮೂಲ ಹುಡುಕಲು ಮಿದುಳಿನ ಸ್ಕ್ಯಾನ್ ಮಾಡಿಸಿ ತೋರಿಸುತ್ತಾರೆ. ಆ ನೋಟ್‌ಬುಕ್ಕಿನ ಮೇಲೆ ಕ್ಯಾಮೆರಾ ಇನ್ನಷ್ಟು ಹೊತ್ತು ನಿಂತಿದ್ದರೆ ಮೂಲ ಅಲ್ಲೇ ಸಿಗುತ್ತಿತ್ತು.

ಹುಡುಗನ ಗೆಳತಿ ಸ್ಯಾನಿಯ ಪಾತ್ರವಂತೂ ನನಗೆ ಬೇಸರ ತರಿಸಿತು. ಅವಳು ಹಗ್ಗ ಹಿಡಿದಿದ್ದಾಗ ಹಗ್ಗದ ತುದಿ ಕೈಮೀರಿ ಜಾರಿಹೋಗಿ ಅವನು ಬಿದ್ದು ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಅವಳನ್ನು ಬಿಟ್ಟುಬಿಡೋಣವೆಂದೂ ಅವನು ಯೋಚಿಸುತ್ತಾನೆ. ಆಮೇಲೆ ಚಿತ್ರದುದ್ದಕ್ಕೂ ಅವಳು ಕಣ್ಣೀರು ತುಂಬಿಕೊಂಡು ಅವನ ಗುರಿಗೆ ಅಡ್ಡಬಂದವಳಂತೆ ಕಾಣುತ್ತಾಳೆ. ಹಗ್ಗದ ತುದಿಗೆ ಒಂದು ಗಂಟು ಹಾಕಿದ್ದರೆ ಆ ಅಪಘಾತವೇ ಆಗುತ್ತಿರಲಿಲ್ಲ ಎಂದು ಆ ರಾತ್ರಿ ಗಿಡ್ಡ ಹುಡುಗಿ ನನಗೆ ನೂಲಿನ ದಾರದಲ್ಲಿ ಮಾಡಿ ತೋರಿಸಿದಳು. ಗಂಟು ಹಾಕುವ ಹೊಣೆ ಇಬ್ಬರದೂ ಅಂತೆ. ಒಬ್ಬರ ಗಂಟನ್ನು ಇನ್ನೊಬ್ಬರು ಮುಟ್ಟಿ ನೋಡದೆ ನೆಲ ಬಿಡುವಂತಿಲ್ಲ. ಎಂಥ ನುರಿತವರಿಗೂ ಇದು ತಪ್ಪಬಹುದು. ಎಲ್ ಕ್ಯಾಪಿಟನ್ನಿನ 'ನೋಸ್' ಎಂಬ ದಾರಿಯನ್ನು 1993ರಲ್ಲಿ, ಹಗ್ಗವನ್ನು ಬಿದ್ದರೆ ಹಿಡಿಯಲಿಕ್ಕಷ್ಟೇ ಇಟ್ಟುಕೊಂಡು ಬರೀ ಕೈಕಾಲ ಬಲದಿಂದ ಮೊದಲು ಹತ್ತಿದ್ದು ಲಿನ್ ಹಿಲ್ ಎಂಬ ಹೆಂಗಸು. ಗಂಡಸರಿಗೂ ಅದುವರೆಗೆ ಆಗಿರಲಿಲ್ಲ. ಅದೇ ಲಿನ್ ಹಿಲ್ 1989ರಲ್ಲಿ ಫ್ರಾನ್ಸಿನಲ್ಲಿ ಗಂಟನ್ನು ಪೂರ್ತಿ ಹಾಕಲು ಮರೆತು ಸುಮಾರು 70 ಅಡಿ ಬಿದ್ದು, ಮರದ ಕೊಂಬೆಗಳ ದಯೆಯಿಂದ ಉಳಿದಿದ್ದಳು.

ಇನ್ನು ಆ ತಾಯಿ ಕೇಳಿದ ಪ್ರಶ್ನೆ. ಹೊನಾಲ್ಡನ ತಾಯಿ ಡಿಯರ್ಡ್ರೆ ವೊಲೊನಿಕ್ ಚಿತ್ರದಲ್ಲಿ ಬರುತ್ತಾರೆ, ಕೆಲವೇ ನಿಮಿಷ. ಆಕೆ ಕಾಲೇಜಿನಲ್ಲಿ ಭಾಷೆ ಕಲಿಸುತ್ತಿದ್ದವರು, ನಮ್ಮ ಜಾತಿಯೇ. ಮಗ ಏನು ಮಾಡುತ್ತಾನೆಂದು ತಿಳಿಯಲು ಅರವತ್ತರ ಅಂಚಿನಲ್ಲಿ ತಾವೇ ಹತ್ತುವುದು ಕಲಿತರು. ಅದೇ 2017ರಲ್ಲಿ, ತಮ್ಮ 66ನೇ ವಯಸ್ಸಿನಲ್ಲಿ, ಮಗನ ಜೊತೆ ಹಗ್ಗ ಕಟ್ಟಿಕೊಂಡು ಅದೇ ಎಲ್ ಕ್ಯಾಪಿಟನ್ ಹತ್ತಿದರು. 2019ರಲ್ಲಿ ತಮ್ಮ ಕಥೆಯನ್ನು ಪುಸ್ತಕ ಮಾಡಿದರು. ಮಗ ನಾಲ್ಕು ಗಂಟೆಯೊಳಗೆ ಹತ್ತಿದ್ದಕ್ಕೆ ನೂರು ನಿಮಿಷದ ಚಿತ್ರ, ತಾಯಿ ಹತ್ತಿದ್ದಕ್ಕೆ ಒಂದು ದೃಶ್ಯವೂ ಇಲ್ಲ. ಮಗ ಹತ್ತಿದ ಮೇಲೆ ಆಕೆ ಹತ್ತಿದ್ದು, ಹಾಗಾಗಿ ಸೇರಲಿಲ್ಲ ಎಂದು ಸಮಜಾಯಿಷಿ ಹೇಳಬಹುದು. ಕಥೆ ಎಲ್ಲಿ ಮುಗಿಯಬೇಕೆಂದು ತೀರ್ಮಾನಿಸಿದವರು ಅವರೇ ಅಲ್ಲವೇ?

ಅಮೆರಿಕದವರನ್ನೇ ಯಾಕೆ ಅನ್ನಲಿ! ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಚಿತ್ರದುರ್ಗದ ಕೋಟೆಗೋಡೆಯನ್ನು ಹಗ್ಗವಿಲ್ಲದೆ ಹತ್ತಿದಾಗ ಕೆಳಗೆ ನಿಂತು ಚಪ್ಪಾಳೆ ತಟ್ಟಿದವರು ನಾವೇ. ಅವರ ಕೌಶಲ ದೊಡ್ಡದು, ಅನುಮಾನವಿಲ್ಲ. ಆದರೆ ಹಗ್ಗ ಕಟ್ಟಿಕೊಂಡು ಹತ್ತುವ ಹುಡುಗಿಯನ್ನು ಕಂಡರೆ ಅದೇ ಬಾಯಲ್ಲಿ, "ಓ, ಹಗ್ಗ ಇದ್ಯಲ್ಲ, ಬಿಡಿ" ಅನ್ನುತ್ತೇವೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಈ ಆಟ ಮೊದಲ ಬಾರಿ ಸೇರಿತು. ಅಲ್ಲೂ 2024ರ ಪ್ಯಾರಿಸ್ಸಿನಲ್ಲೂ ಚಿನ್ನ ಗೆದ್ದ ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಬೆಳಿಗ್ಗೆ ಯಾರಿಗೂ ಮಾತು ಬೇಡವಾಗಿತ್ತು. ಮೊದಲೇ ಗೊತ್ತುಮಾಡಿದ್ದ ಹಾಗೆ ಚನ್ನರಾಯಪಟ್ಟಣದ ಮೇಲೆ ಬೆಳಗೊಳಕ್ಕೆ ಹೋದೆವು. ಚಿಕ್ಕಬೆಟ್ಟದಲ್ಲಿ ಬರಿಯ ಬಂಡೆಯ ಮೇಲೆ ಕೆತ್ತಿದ ಶಾಸನಗಳನ್ನು ಮಕ್ಕಳಿಗೆ ತೋರಿಸಿದೆ. ಸಲ್ಲೇಖನ ವ್ರತದಲ್ಲಿ ದೇಹ ಬಿಟ್ಟವರ ನೆನಪು ಕೆಲವು, ಯಾತ್ರೆಗೆ ಬಂದವರ ಬರೀ ಹೆಸರು ಇನ್ನು ಕೆಲವು. "ನೋಡಿ, ಇವರೂ ಕಲ್ಲು ಕೊರೆದಿದಾರೆ" ಎಂದು ಹುಡುಗನಿಗೆ ಖುಷಿ. "ಅವರು ಕೆತ್ತಿದ್ರೆ ಶಾಸನ, ನೀನು ಕೆತ್ತಿದ್ರೆ ದಂಡ" ಎಂದಳು ಗಿಡ್ಡ ಹುಡುಗಿ. ತಾಯಿ ನಕ್ಕರು, ಆ ದಿನ ಮೊದಲ ಸಲ.

ದೊಡ್ಡಬೆಟ್ಟಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕಡಿದವು, ಬರಿಗಾಲು. 2006ರ ಮಹಾಮಸ್ತಕಾಭಿಷೇಕದ ವರ್ಷ ಅವರು ಮಗಳ ಕೈಹಿಡಿದು ಹತ್ತಿಸಿದ್ದರಂತೆ. ಈಗ ಮಂಡಿನೋವು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಮಗಳು ಒಂದು ಮೆಟ್ಟಿಲು ಹಿಂದೆ, ತಾಯಿಯ ಬೆನ್ನಿಗೆ ತಾಕದ ಹಾಗೆ, ಗೇಣು ದೂರದಲ್ಲಿ ಅಂಗೈ ಹಿಡಿದುಕೊಂಡೇ ಬರುತ್ತಿದ್ದಳು. ನಡುದಾರಿಯಲ್ಲಿ ಕೂತು ನೀರು ಕುಡಿಯುವಾಗ ನಾನು ಹೊನಾಲ್ಡನ ತಾಯಿಯ ಸಂಗತಿ ಹೇಳಿದೆ. "ಅರವತ್ತಾರಾ?" ಎಂದು ಎರಡು ಸಲ ಕೇಳಿದರು. ಸೆರಗಿನಿಂದ ಮುಖ ಒರೆಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, ಮಗಳ ಕಡೆ ತಿರುಗಿದರು.

"ನೀನು ಹತ್ತೋವಾಗ ಕೆಳಗೆ ಹಗ್ಗ ಹಿಡ್ಕೊಳೋರು ಯಾರೇ?"

ಮಗಳು ಗಿಡ್ಡ ಹುಡುಗಿಯನ್ನು ತೋರಿಸಿದಳು. ತಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಷ್ಟುದ್ದ ಇದೀಯ, ಇವಳ ಭಾರ ತಡೀತೀಯೇನೇ?"

"ತಡೀತೀನಿ ಆಂಟಿ."

"ಎಲ್ಲಿ, ನಿನ್ನ ಕೈ ತೋರ್ಸು" ಎಂದರು.